ಯಾರ ಧಾಟಿಯಲ್ಲಿ ರ‍್ಯಾಪ್? ನ್ಯೂಜಿಲೆಂಡ್‌ನ ಮಾವೊರಿ ಮತ್ತು ಪೆಸಿಫಿಕ್ ಹಿಪ್‌ಹಾಪ್‌ನಲ್ಲಿ ಉಚ್ಚಾರಣೆ, ಭಾಷೆ, ಗುರುತು

2024ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್‌ನ ಸಂಸತ್ತಿನಲ್ಲಿ ಯುವ ಸಂಸದೆ ಹಾನಾ-ರಾಫಿತಿ ಮೈಪಿ-ಕ್ಲಾರ್ಕ್ ಮಸೂದೆಯೊಂದರ ಪ್ರತಿಯನ್ನು ಹರಿದು ‘ಹಾಕಾ’ ಎಂಬ ಮಾವೊರಿ ಘೋಷ-ನೃತ್ಯವನ್ನು ಆರಂಭಿಸಿದ ದೃಶ್ಯವನ್ನು ನಮ್ಮಲ್ಲಿಯೂ ಬಹಳ ಜನ ಮೊಬೈಲ್‌ನಲ್ಲಿ ನೋಡಿದರು. 1840ರಲ್ಲಿ ಬ್ರಿಟಿಷ್ ಅರಸೊತ್ತಿಗೆಗೂ ಮಾವೊರಿ ಮುಖಂಡರಿಗೂ ನಡುವೆ ಏರ್ಪಟ್ಟ ವೈತಾಂಗಿ ಒಪ್ಪಂದದ ತತ್ವಗಳನ್ನು ಹೊಸದಾಗಿ ನಿರೂಪಿಸಲು ಹೊರಟಿದ್ದ ಆ ಮಸೂದೆ 2025ರ ಏಪ್ರಿಲ್‌ನಲ್ಲಿ ಸೋತುಹೋಯಿತು. ಆ ದೃಶ್ಯದ ಜಾಡು ಹಿಡಿದು ಮುಂದೆ ಹೋದವರಿಗೆ ಅಲ್ಲಿನ ಯುವಜನರ ಇನ್ನೊಂದು ದನಿಯೂ ಕೇಳಿಸುತ್ತದೆ. ಅದು ರ‍್ಯಾಪ್. ಆದರೆ ಹೊಸದಾಗಿ ಕೇಳುವವರಿಗೆ ಅದು ಗೊಂದಲ ಹುಟ್ಟಿಸುತ್ತದೆ. ಒಬ್ಬ ಕಲಾವಿದ ಅಮೆರಿಕದವನಂತೆ ಕೇಳಿಸುತ್ತಾನೆ, ಇನ್ನೊಬ್ಬ ಹಾಗೆ ಕೇಳಿಸುವುದಿಲ್ಲ, ಮೂರನೆಯವನು ಸಾಲಿನ ನಡುವೆಯೇ ಸಮೋವಾದ ಭಾಷೆಗೆ ಹೊರಳಿಬಿಡುತ್ತಾನೆ. ಈ ವ್ಯತ್ಯಾಸಗಳು ಎಲ್ಲಿಂದ ಬಂದವು, ಹಾಡುವವರಿಗೂ ಕೇಳುವವರಿಗೂ ಅವು ಏಕೆ ಅಷ್ಟು ಮುಖ್ಯ ಎಂಬುದನ್ನು ಇಲ್ಲಿ ಮೊದಲಿನಿಂದ ವಿವರಿಸಲಾಗಿದೆ.

ಮಾವೊರಿ ಯಾರು, ಪಸಿಫಿಕಾ ಎಂದರೆ ಯಾರು

ಮಾವೊರಿಗಳು ನ್ಯೂಜಿಲೆಂಡ್‌ನ ಮೂಲನಿವಾಸಿಗಳು. ಯುರೋಪಿಯನ್ನರು ಬರುವುದಕ್ಕೆ ಶತಮಾನಗಳ ಮೊದಲೇ ಅವರ ಪೂರ್ವಜರು ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಿಂದ ದೋಣಿಗಳಲ್ಲಿ ಸಾಗರ ದಾಟಿ ಅಲ್ಲಿಗೆ ಬಂದು ನೆಲೆಸಿದರು. ‘ಪಸಿಫಿಕಾ’ ಎಂಬುದು ಅದಕ್ಕಿಂತ ಬಹಳ ತಡವಾಗಿ, ಹೆಚ್ಚಾಗಿ ಎರಡನೆಯ ಮಹಾಯುದ್ಧದ ನಂತರ, ಸಮೋವಾ, ಟೊಂಗಾ, ಕುಕ್ ದ್ವೀಪಗಳು, ನಿಯುವೆ, ಟೋಕೆಲಾವು, ಫಿಜಿಗಳಿಂದ ಬಂದ ಕುಟುಂಬಗಳಿಗೆ ಅಲ್ಲಿ ಬಳಕೆಯಲ್ಲಿರುವ ಹೆಸರು. ಯುದ್ಧಾನಂತರ ಬೆಳೆಯುತ್ತಿದ್ದ ಕಾರ್ಖಾನೆಗಳಿಗೆ ಕೈಗಳು ಬೇಕಾಗಿದ್ದವು, ದ್ವೀಪಗಳ ಜನರನ್ನು ಕರೆಸಿಕೊಳ್ಳಲಾಯಿತು. ಅದೇ ಕಾಲದಲ್ಲಿ ಮಾವೊರಿ ಕುಟುಂಬಗಳೂ ತಮ್ಮ ಊರುಗಳನ್ನು ಬಿಟ್ಟು ದೊಡ್ಡ ಸಂಖ್ಯೆಯಲ್ಲಿ ನಗರ ಸೇರಿದವು. ಹೀಗೆ ಆಕ್ಲೆಂಡ್ ನಗರದ ದಕ್ಷಿಣಕ್ಕಿರುವ ಓತಾರ, ಮಾಂಗೆರೆ, ಪಾಪಟೊಯಿಟೊಯಿಯಂತಹ ಬಡಾವಣೆಗಳಲ್ಲಿ ಮಾವೊರಿ ಮಕ್ಕಳೂ ದ್ವೀಪಗಳ ಮಕ್ಕಳೂ ಒಂದೇ ಶಾಲೆಯಲ್ಲಿ, ಒಂದೇ ಬೀದಿಯಲ್ಲಿ ಬೆಳೆದರು.

2023ರ ಜನಗಣತಿಯ ಪ್ರಕಾರ ಸುಮಾರು 50 ಲಕ್ಷ ಜನರಿರುವ ಆ ದೇಶದಲ್ಲಿ ಮಾವೊರಿಗಳು ಶೇ 17.8ರಷ್ಟು, ಪೆಸಿಫಿಕ್ ಮೂಲದವರು ಶೇ 8.9ರಷ್ಟು ಇದ್ದಾರೆ. ನಿಯುವೆಯಂತಹ ಪುಟ್ಟ ದ್ವೀಪದ ಜನರಂತೂ ದ್ವೀಪದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಸಂಖ್ಯೆಯಲ್ಲಿ ನ್ಯೂಜಿಲೆಂಡ್‌ನಲ್ಲಿದ್ದಾರೆ. ತಂದೆತಾಯಿಯರ ದ್ವೀಪವನ್ನು ಒಮ್ಮೆಯೂ ಕಾಣದೆ ಬೆಳೆದ ಒಂದು ತಲೆಮಾರು ‘ನಾನು ಎಲ್ಲಿಯವನು’ ಎಂದು ಕೇಳಿಕೊಂಡ ನೆಲದಲ್ಲಿಯೇ ಈ ಸಂಗೀತ ಬೇರುಬಿಟ್ಟಿತು.

ಹಿಪ್‌ಹಾಪ್ ಅಲ್ಲಿಗೆ ತಲುಪಿದ ಬಗೆ

ರ‍್ಯಾಪ್ ಎಂದರೆ ತಾಳಕ್ಕೆ ಸರಿಯಾಗಿ, ಪ್ರಾಸಬದ್ಧವಾಗಿ ಮಾತನ್ನು ನುಡಿಯುವ ಕಲೆ. ಹಿಪ್‌ಹಾಪ್ ಎಂಬುದು ಅದಕ್ಕಿಂತ ದೊಡ್ಡದು. ನುಡಿಯುವ ಎಂಸಿ, ಧ್ವನಿಮುದ್ರಿಕೆಗಳನ್ನು ತಿರುಗಿಸಿ ತಾಳ ಕಟ್ಟುವ ಡಿಜೆ, ನೆಲದ ಮೇಲೆ ಸುತ್ತುವ ಬ್ರೇಕ್ ನೃತ್ಯ, ಗೋಡೆಯ ಮೇಲಿನ ಗ್ರಾಫಿಟಿ, ಇವೆಲ್ಲವೂ ಸೇರಿದ ಸಂಸ್ಕೃತಿ ಅದು. 1973ರ ಸುಮಾರಿಗೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಕರಿಯ ಮತ್ತು ಲ್ಯಾಟಿನೋ ಯುವಜನರ ನಡುವೆ ಅದು ಹುಟ್ಟಿತು.

1980ರ ದಶಕದ ಆರಂಭದಲ್ಲಿ ಸಿನಿಮಾ ಮತ್ತು ವಿಡಿಯೊಗಳ ಮೂಲಕ ಅದು ನ್ಯೂಜಿಲೆಂಡ್ ತಲುಪಿತು. ಇನ್ನೊಂದು ದಾರಿ ಬಂಧುಬಳಗದ್ದು. ಸಮೋವಾದ ಕುಟುಂಬಗಳು ಆಕ್ಲೆಂಡ್, ಹೊನೊಲುಲು, ಲಾಸ್ ಏಂಜಲೀಸ್ ಎಂದು ಹಂಚಿಹೋಗಿದ್ದುದರಿಂದ ಅಣ್ಣತಮ್ಮಂದಿರ ಜೊತೆಗೇ ಕ್ಯಾಸೆಟ್‌ಗಳೂ ಕುಣಿತದ ಹೆಜ್ಜೆಗಳೂ ಸಾಗರ ದಾಟುತ್ತಿದ್ದವು. ಮೊದಲು ಹಿಡಿಸಿದ್ದು ಕುಣಿತ. 1984ರಲ್ಲಿ ಡಾಲ್ವೇನಿಯಸ್ ಪ್ರೈಮ್ ಅವರ ಮುಂದಾಳುತನದಲ್ಲಿ ಪಾಟಿಯಾ ಮಾವೊರಿ ಕ್ಲಬ್ ಹೊರತಂದ ಮಾವೊರಿ ಹಾಡೊಂದು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ವಿಡಿಯೊದಲ್ಲಿ ದಾರಕ್ಕೆ ಕಟ್ಟಿದ ಚೆಂಡುಗಳನ್ನು ತಿರುಗಿಸುವ ಸಾಂಪ್ರದಾಯಿಕ ಪೋಯಿ ನೃತ್ಯದ ಪಕ್ಕದಲ್ಲಿಯೇ ಬ್ರೇಕ್ ನೃತ್ಯವೂ ಇತ್ತು.

1988: ಮಾವೊರಿಯಲ್ಲಿ ಮೊದಲ ದನಿ

ವೆಲ್ಲಿಂಗ್ಟನ್ ಬಳಿಯ ಅಪ್ಪರ್ ಹಟ್ ಎಂಬಲ್ಲಿ 1985ರಲ್ಲಿ ರೆಗೆ ಎಂಬ ಜಮೈಕಾ ಮೂಲದ ಸಂಗೀತದ ತಂಡವಾಗಿ ಶುರುವಾದ ‘ಅಪ್ಪರ್ ಹಟ್ ಪೊಸಿ’ 1988ರಲ್ಲಿ ‘ಎ ತೂ’ ಎಂಬ ಹಾಡನ್ನು ಬಿಡುಗಡೆ ಮಾಡಿತು. ನ್ಯೂಜಿಲೆಂಡ್‌ನ ಮೊದಲ ರ‍್ಯಾಪ್ ಧ್ವನಿಮುದ್ರಿಕೆ ಎಂದು ಅದನ್ನು ಗುರುತಿಸಲಾಗುತ್ತದೆ. ತಂಡದ ಮುಂದಾಳು ಡೀನ್ ಹಾಪೆಟಾ ಇಂಗ್ಲಿಷ್ ಮತ್ತು ಮಾವೊರಿ ಎರಡನ್ನೂ ಬೆರೆಸಿ, ಹತ್ತೊಂಬತ್ತನೆಯ ಶತಮಾನದ ಮಾವೊರಿ ವೀರರ ಹೆಸರುಗಳನ್ನು ಕೂಗಿ, ಎದ್ದು ನಿಲ್ಲಲು ಕರೆ ಕೊಟ್ಟರು.

ಅದು ಏಕೆ ದೊಡ್ಡ ಸಂಗತಿಯಾಯಿತು ಎಂಬುದು ಭಾಷೆಯ ಇತಿಹಾಸ ತಿಳಿದರೆ ಮಾತ್ರ ಅರ್ಥವಾಗುತ್ತದೆ. ದಶಕಗಳ ಕಾಲ ಶಾಲೆಗಳಲ್ಲಿ ಮಾವೊರಿ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಏಟು ತಿಂದವರು ತಮ್ಮ ಮಕ್ಕಳಿಗೆ ಆ ಭಾಷೆಯನ್ನು ಕಲಿಸಲು ಹಿಂಜರಿದರು. 1970ರ ದಶಕದ ಹೊತ್ತಿಗೆ ಭಾಷೆ ಅಳಿಯುವ ಅಂಚಿಗೆ ಬಂದಿತ್ತು. 1972ರಲ್ಲಿ ಶಾಲೆಗಳಲ್ಲಿ ಮಾವೊರಿ ಕಲಿಸಬೇಕೆಂದು ಸಾವಿರಾರು ಜನ ಸಹಿ ಹಾಕಿದ ಮನವಿ ಸಂಸತ್ತಿಗೆ ಹೋಯಿತು, 1982ರಲ್ಲಿ ‘ಕೋಹಂಗ ರೆಯೊ’ ಎಂಬ ಮಾವೊರಿ ಮಾಧ್ಯಮದ ಶಿಶುಶಾಲೆಗಳು ಶುರುವಾದವು, 1987ರಲ್ಲಿ ಕಾನೂನಿನ ಮೂಲಕ ಮಾವೊರಿ ಅಧಿಕೃತ ಭಾಷೆಯಾಯಿತು. ಅದರ ಮರುವರ್ಷವೇ ಈ ಹಾಡು ಬಂದಿತು. ಇಂಗ್ಲಿಷ್ ಹಾಡಿಗೆ ಮೆರುಗು ಕೊಡಲೆಂದು ನಾಲ್ಕು ಮಾವೊರಿ ಪದಗಳನ್ನು ಸೇರಿಸಿದ ಪ್ರಯತ್ನವಾಗಿ ಅದನ್ನು ನೋಡಬಾರದು. ಭಾಷೆಯನ್ನು ಬೀದಿಗೆ, ಹರೆಯದವರ ಬಾಯಿಗೆ ತಂದ ಕೆಲಸ ಅದು. 2000ದ ದಶಕದ ಆರಂಭದಲ್ಲಿ ಇದೇ ತಂಡ ತನ್ನ ಹಾಡುಗಳನ್ನು ಮಾವೊರಿಯಲ್ಲಿ ಮರುರೂಪಿಸಿ ಇಡೀ ಆಲ್ಬಂ ಹೊರತಂದಿತು.

ಮಾತಿಗೊಂದು ಉಚ್ಚಾರಣೆ, ಹಾಡಿಗೊಂದು ಉಚ್ಚಾರಣೆ

ಇನ್ನು ಇಂಗ್ಲಿಷಿನಲ್ಲಿ ನುಡಿಯುವವರ ವಿಷಯ. ಬಹುಪಾಲು ಪೆಸಿಫಿಕ್ ರ‍್ಯಾಪ್ ಇರುವುದು ಇಂಗ್ಲಿಷಿನಲ್ಲಿಯೇ. ಹಾಗಿರುವಾಗ ಭಾಷೆಗಿಂತ ಉಚ್ಚಾರಣೆಯ ಧಾಟಿಯೇ ಗುರುತಿನ ಭಾರವನ್ನು ಹೊರುತ್ತದೆ.

ಅಮೆರಿಕದ ಪಾಪ್ ಸಂಗೀತವನ್ನು ಕೇಳಿ ಬೆಳೆದ ಬೇರೆ ದೇಶಗಳ ಗಾಯಕರು ಹಾಡುವಾಗ ತಮಗೆ ಅರಿವಿಲ್ಲದೆಯೇ ಅಮೆರಿಕದ ಉಚ್ಚಾರಣೆಗೆ ಜಾರುತ್ತಾರೆ. ಧಾರವಾಡದ ಮನೆಯಲ್ಲಿ ಬೆಳೆದ ಹುಡುಗ ಸಿನಿಮಾ ಹಾಡು ಹಾಡುವಾಗ ತನ್ನ ಮನೆಮಾತನ್ನು ಬಿಟ್ಟು ಚಿತ್ರಗೀತೆಯ ಕನ್ನಡದಲ್ಲಿಯೇ ಹಾಡುತ್ತಾನೆ. ಯಾರೂ ಅವನಿಗೆ ಹಾಗೆ ಮಾಡು ಎಂದು ಹೇಳಿರುವುದಿಲ್ಲ, ಹಾಡು ಎಂದರೆ ಹಾಗೆಯೇ ಇರುತ್ತದೆ ಎಂದು ಅವನ ಕಿವಿ ಕಲಿತಿರುತ್ತದೆ. ನ್ಯೂಜಿಲೆಂಡ್‌ನ ಗಾಯಕರ ಸ್ವರಗಳನ್ನು ಮಾತಿನಲ್ಲಿಯೂ ಹಾಡಿನಲ್ಲಿಯೂ ಅಳೆದು ಹೋಲಿಸಿದ ಭಾಷಾವಿಜ್ಞಾನಿ ಆಂಡಿ ಗಿಬ್ಸನ್ ಕಂಡುಕೊಂಡದ್ದು ಇದನ್ನೇ. ಅಲ್ಲಿ ಹಾಡಿನ ಸಹಜಸ್ಥಿತಿಯೇ ಅಮೆರಿಕದ ಉಚ್ಚಾರಣೆ. ತಮ್ಮ ದಿನನಿತ್ಯದ ಮಾತಿನ ಉಚ್ಚಾರಣೆಯಲ್ಲಿ ಹಾಡಬೇಕೆಂದರೆ ಪ್ರಯತ್ನಪೂರ್ವಕವಾಗಿ ಹಾಡಬೇಕು. ಕೇಳುಗರೂ ಇದಕ್ಕೆ ಹೊಂದಿಕೊಂಡಿರುತ್ತಾರೆ. ಎರಡು ಪದಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಸ್ಪಷ್ಟವಾಗದ ಸ್ವರವೊಂದು ಮಾತಿನಲ್ಲಿ ಒಂದು ಪದವಾಗಿಯೂ ಹಾಡಿನಲ್ಲಿ ಇನ್ನೊಂದಾಗಿಯೂ ಅವರಿಗೆ ಕೇಳಿಸಬಹುದು.

ಹಾಗಾದರೆ ರ‍್ಯಾಪ್‌ನಲ್ಲಿ ಮಾತ್ರ ಇದು ಪ್ರಶ್ನೆಯಾಗುವುದೇಕೆ? ಏಕೆಂದರೆ ರ‍್ಯಾಪ್ ಹಾಡಿಗಿಂತ ಮಾತಿಗೆ ಹತ್ತಿರ. ಜೊತೆಗೆ, ಎಂಸಿಯಾದವನು ತನ್ನ ಬೀದಿಯ, ತನ್ನ ಬದುಕಿನ ಸತ್ಯವನ್ನೇ ಹೇಳಬೇಕು, ಎರವಲು ಬದುಕನ್ನು ಹಾಡಬಾರದು ಎಂಬುದು ಹಿಪ್‌ಹಾಪ್‌ನ ಮೂಲ ನೀತಿ. ಬ್ರಾಂಕ್ಸ್‌ನ ಹುಡುಗನಂತೆ ಉಚ್ಚರಿಸಿದರೆ ಕಲೆಯ ಪರಂಪರೆಗೆ ನಿಷ್ಠೆ ತೋರಿದಂತಾಗುತ್ತದೆ, ಓತಾರದ ಹುಡುಗನಂತೆ ಉಚ್ಚರಿಸಿದರೆ ಅದೇ ಪರಂಪರೆಯ ನೀತಿಗೆ ನಿಷ್ಠೆ ತೋರಿದಂತಾಗುತ್ತದೆ. ಈ ಇಕ್ಕಟ್ಟಿನಿಂದಲೇ ಪೆಸಿಫಿಕ್ ಹಿಪ್‌ಹಾಪ್‌ನ ದನಿ ರೂಪುಗೊಂಡಿತು ಎಂಬುದು ನನ್ನ ತಿಳಿವಳಿಕೆ.

ಪಸಿಫಿಕಾ ಇಂಗ್ಲಿಷ್ ಕೇಳಿಸುವ ಬಗೆ

ನ್ಯೂಜಿಲೆಂಡ್‌ನ ಬಿಳಿಯರ ಇಂಗ್ಲಿಷಿನಲ್ಲಿ ‘ಫಿಶ್’ ಎಂಬುದು ‘ಫಶ್’ಗೆ ಹತ್ತಿರವಾಗಿ, ‘ಪೆನ್’ ಎಂಬುದು ‘ಪಿನ್’ಗೆ ಹತ್ತಿರವಾಗಿ ಕೇಳಿಸುತ್ತದೆ. ದಕ್ಷಿಣ ಆಕ್ಲೆಂಡ್‌ನ ಮಾವೊರಿ ಮತ್ತು ಪಸಿಫಿಕಾ ಯುವಕರ ಇಂಗ್ಲಿಷ್ ಅದರ ಮೇಲೆಯೇ ಕಟ್ಟಿದ್ದಾದರೂ ಬೇರೆ ಲಕ್ಷಣಗಳನ್ನು ಹೊಂದಿದೆ. ಕನ್ನಡ ವರ್ಣಮಾಲೆ ಬಲ್ಲವರಿಗೆ ಅದರ ಒಂದು ಲಕ್ಷಣ ತಕ್ಷಣ ಅರ್ಥವಾಗುತ್ತದೆ. ಇಂಗ್ಲಿಷ್ ಮನೆಮಾತಿನವರು ಪದದ ಮೊದಲಿನ ಪ, ಟ, ಕ ಧ್ವನಿಗಳನ್ನು ಉಸಿರು ಸೇರಿಸಿ, ಮಹಾಪ್ರಾಣದಂತೆ ನುಡಿಯುತ್ತಾರೆ. ಪಸಿಫಿಕಾ ಮಾತಿನಲ್ಲಿ ಅವು ಅಲ್ಪಪ್ರಾಣಗಳಾಗಿ ಉಳಿಯುವುದುಂಟು. ‘ದಿಸ್’, ‘ದಟ್’ ಪದಗಳ ಮೊದಲಿನ ಮೆದು ಘರ್ಷಧ್ವನಿ ಗಟ್ಟಿ ದಕಾರವಾಗುತ್ತದೆ, ‘ಥ್ರೀ’ ಎಂಬುದು ‘ಫ್ರೀ’ಯಂತೆ ಕೇಳಿಸುತ್ತದೆ. ಲಯವೂ ಬೇರೆ. ಇಂಗ್ಲಿಷ್‌ನಲ್ಲಿ ಒತ್ತು ಬೀಳುವ ಅಕ್ಷರಗಳು ಉಬ್ಬಿ ಉಳಿದವು ಕುಗ್ಗುತ್ತವೆ. ಇವರ ಮಾತಿನಲ್ಲಿ ಅಕ್ಷರಗಳು ಹೆಚ್ಚುಕಡಿಮೆ ಸಮಕಾಲ ಪಡೆಯುತ್ತವೆ. 2004ರಲ್ಲಿ ಟಿವಿಯಲ್ಲಿ ಶುರುವಾದ ‘ಬ್ರೋಟೌನ್’ ಎಂಬ ಅನಿಮೇಷನ್ ಸರಣಿ ಈ ಉಚ್ಚಾರಣೆಯನ್ನು ದೇಶದ ಮನೆಮನೆಗೂ ಮುಟ್ಟಿಸಿತು.

ಎಲ್ಲಕ್ಕಿಂತ ಕುತೂಹಲಕರವಾದದ್ದು ‘ರ್’ ಧ್ವನಿಯ ಪ್ರಸಂಗ. ನ್ಯೂಜಿಲೆಂಡ್‌ನ ಇಂಗ್ಲಿಷಿನಲ್ಲಿ, ಸ್ಕಾಟ್ಲೆಂಡ್‌ನವರು ಹೆಚ್ಚಾಗಿ ನೆಲೆಸಿದ ತೆಂಕಣ ತುದಿಯ ಸೌತ್‌ಲೆಂಡ್ ಹೊರತು, ‘ಕಾರ್’, ‘ನರ್ಸ್’ ಪದಗಳ ರಕಾರವನ್ನು ಉಚ್ಚರಿಸುವುದಿಲ್ಲ. ಅಮೆರಿಕದವರು ಉಚ್ಚರಿಸುತ್ತಾರೆ. ನ್ಯೂಜಿಲೆಂಡ್‌ನ ರ‍್ಯಾಪ್ ಕಲಾವಿದರು ಮಾತಾಡುವಾಗ ಬಿಡುವ ಈ ರಕಾರವನ್ನು ರ‍್ಯಾಪ್ ಮಾಡುವಾಗ ಆಗಾಗ ಉಚ್ಚರಿಸುವುದನ್ನು ಸಂಶೋಧಕರು ಗುರುತಿಸಿದರು. ಅದರಲ್ಲಿಯೂ ‘ನರ್ಸ್’, ‘ವರ್ಕ್’ ಬಗೆಯ ಪದಗಳಲ್ಲಿ ಅದು ಹೆಚ್ಚು. ಇಷ್ಟನ್ನೇ ನೋಡಿದರೆ ಅನುಕರಣೆ ಎಂದು ತೀರ್ಪು ಕೊಟ್ಟು ಮುಗಿಸಬಹುದಿತ್ತು. ಆದರೆ ಅದೇ ರಕಾರ ದಕ್ಷಿಣ ಆಕ್ಲೆಂಡ್‌ನ ಯುವಕರ ದಿನನಿತ್ಯದ ಮಾತಿನಲ್ಲಿಯೂ ಕಾಣಿಸಿಕೊಂಡು ಅಲ್ಲಿಯ ಗುರುತಾಗತೊಡಗಿತು. ದೇಶದ ಬೇರೆಡೆಯವರಿಗೆ ಆ ರಕಾರ ಕೇಳಿದರೆ ನೆನಪಾಗುವುದು ಆಕ್ಲೆಂಡ್‌ನ ದಕ್ಷಿಣದ ಬಡಾವಣೆಗಳು, ಅಮೆರಿಕವಲ್ಲ. ಅಮೆರಿಕದ ಕರಿಯರ ಸಾಂಪ್ರದಾಯಿಕ ಇಂಗ್ಲಿಷಿನಲ್ಲಿಯೇ ಅನೇಕ ಕಡೆ ಈ ರಕಾರ ಬಿದ್ದುಹೋಗುತ್ತದೆ ಎಂಬುದನ್ನು ನೆನೆದರೆ, ಇದನ್ನು ಬರಿಯ ನಕಲು ಎನ್ನುವುದು ಇನ್ನೂ ಕಷ್ಟವಾಗುತ್ತದೆ. ಹೊರಗಿನಿಂದ ಬಂದ ಧ್ವನಿ ಒಂದು ತಲೆಮಾರಿನಲ್ಲಿ ಒಳಗಿನದಾಯಿತು.

ಪಾಲಿನೇಷ್ಯಾದ ಭಾಷೆಗಳು ತಾಳಕ್ಕೆ ಕೂಡುವ ರೀತಿ

ಮಾವೊರಿಯಲ್ಲಿ ಐದು ಸ್ವರಗಳಿವೆ, ಅವುಗಳಿಗೆ ಹ್ರಸ್ವ ದೀರ್ಘ ಭೇದವಿದೆ. ವ್ಯಂಜನಗಳು ಹತ್ತೇ. ಒತ್ತಕ್ಷರಗಳಿಲ್ಲ, ಎಲ್ಲ ಪದಗಳೂ ಸ್ವರದಿಂದಲೇ ಮುಗಿಯುತ್ತವೆ. ‘ವಹಿನೆ’ ಎಂದರೆ ಹೆಂಗಸು, ‘ವಾಹಿನೆ’ ಎಂದರೆ ಹೆಂಗಸರು. ಒಂದು ಮಾತ್ರೆಯ ವ್ಯತ್ಯಾಸದಿಂದ ವಚನ ಬದಲಾಗುತ್ತದೆ. ಲಘು ಗುರುಗಳನ್ನು ಎಣಿಸಿ ಛಂದಸ್ಸು ಕಲಿತ ಕನ್ನಡಿಗರಿಗೆ ಈ ವ್ಯವಸ್ಥೆ ಇಂಗ್ಲಿಷ್ ಓದುಗರಿಗಿಂತ ಬೇಗ ಹತ್ತಿರವಾಗುತ್ತದೆ. ಮಾವೊರಿಯ ಕೆಲವು ಹಳೆಯ ಹಾಡುಗಳಲ್ಲಿ ಅರ್ಧಸಾಲಿಗೆ ಎಂಟು ಮಾತ್ರೆಗಳ ಲೆಕ್ಕ ನಡೆಯುತ್ತದೆ ಎಂದು ವಿದ್ವಾಂಸರು ತೋರಿಸಿದ್ದಾರೆ.

ಇಂಗ್ಲಿಷ್ ರ‍್ಯಾಪ್‌ನ ಜೀವಾಳ ದನಿಯ ಒತ್ತು. ಒತ್ತುಳ್ಳ ಅಕ್ಷರ ತಾಳದ ಪೆಟ್ಟಿಗೆ ಸರಿಯಾಗಿ ಬೀಳಬೇಕು, ನಡುವಿನವು ಇಕ್ಕಟ್ಟಿನಲ್ಲಿ ಓಡಬೇಕು. ಮಾವೊರಿಯಲ್ಲಿ ಹಾಗೆ ಕುಗ್ಗಿಸಲು ಹೋದರೆ ಅರ್ಥವೇ ಕೆಡಬಹುದು. ಆದ್ದರಿಂದ ಅಲ್ಲಿ ನುಡಿಯ ಓಟ ಸಮನಾಗಿ, ಪ್ರತಿ ಅಕ್ಷರವೂ ಕೇಳಿಸುವಂತೆ ಸಾಗುತ್ತದೆ. ಎಲ್ಲ ಪದಗಳೂ ಐದರಲ್ಲಿ ಒಂದು ಸ್ವರಕ್ಕೇ ಮುಗಿಯುವುದರಿಂದ ಕೊನೆಯ ಅಕ್ಷರದ ಪ್ರಾಸ ತೀರ ಅಗ್ಗವಾಗುತ್ತದೆ, ಎರಡು ಮೂರು ಅಕ್ಷರಗಳ ಸ್ವರಸರಣಿಯನ್ನೇ ಹೊಂದಿಸಿದಾಗ ಮಾತ್ರ ಕೇಳುಗನ ಕಿವಿ ನಿಲ್ಲುತ್ತದೆ. ಇಲ್ಲಿ ಹಾಕಾದ ಲಯವೂ, ಸಭಾಂಗಣದ ‘ಫೈಕೋರೆರೊ’ ಎಂಬ ಭಾಷಣಕಲೆಯೂ ಒದಗಿಬರುತ್ತವೆ. ವಂಶಾವಳಿಯನ್ನು ನುಡಿದು, ಪರ್ವತ ನದಿಗಳನ್ನು ಹೆಸರಿಸಿ, ತಾನು ಯಾರೆಂದು ಸಾರಿ ಮಾತು ಆರಂಭಿಸುವುದು ಆ ಕಲೆಯ ಕ್ರಮ. ತನ್ನ ಹೆಸರು, ತನ್ನ ಬೀದಿ, ತನ್ನ ಬಳಗವನ್ನು ಸಾರಿಯೇ ಮುಂದುವರಿಯುವ ರ‍್ಯಾಪ್‌ನೊಂದಿಗೆ ಅದು ಎಷ್ಟು ಸಲೀಸಾಗಿ ಬೆರೆಯಿತು ಎಂಬುದು ಆಶ್ಚರ್ಯಪಡುವ ಸಂಗತಿಯಲ್ಲ.

ಸಮೋವಾದ ಭಾಷೆ ಇನ್ನೊಂದು ಆಯ್ಕೆಯನ್ನು ಒಡ್ಡುತ್ತದೆ. ಅದಕ್ಕೆ ಎರಡು ಉಚ್ಚಾರಣಾ ಶೈಲಿಗಳಿವೆ. ಚರ್ಚು, ಶಾಲೆ, ಬರವಣಿಗೆಗಳಲ್ಲಿ ‘ತ’ಕಾರದ ಶೈಲಿ. ಮನೆಯಲ್ಲಿ, ಗೆಳೆಯರ ನಡುವೆ ‘ಕ’ಕಾರದ ಶೈಲಿ. ಹುಡುಗ ಎಂಬರ್ಥದ ‘ತಮ’ ಮನೆಮಾತಿನಲ್ಲಿ ‘ಕಮ’ ಆಗುತ್ತದೆ. ಸಮೋವನ್ ಭಾಷೆಯಲ್ಲಿ ರ‍್ಯಾಪ್ ಮಾಡುವವನು ಬಾಯಿ ತೆರೆದ ಕೂಡಲೇ ಚರ್ಚಿನ ದನಿಯೋ ಅಂಗಳದ ದನಿಯೋ ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ.

ದಕ್ಷಿಣ ಆಕ್ಲೆಂಡ್ ಮತ್ತು ‘ಡಾನ್ ರೇಡ್’

1970ರ ದಶಕದಲ್ಲಿ ಆರ್ಥಿಕತೆ ಕುಸಿದಾಗ, ಕರೆದು ತಂದ ಕೈಗಳೇ ಹೊರೆಯಾಗಿ ಕಂಡವು. ವೀಸಾ ಅವಧಿ ಮೀರಿ ಉಳಿದವರನ್ನು ಹಿಡಿಯಲು ಪೊಲೀಸರು ನಸುಕಿನಲ್ಲಿ ಪೆಸಿಫಿಕ್ ಕುಟುಂಬಗಳ ಮನೆಗಳಿಗೆ ನುಗ್ಗುತ್ತಿದ್ದರು. ಅವಧಿ ಮೀರಿದವರಲ್ಲಿ ಬ್ರಿಟನ್ ಮತ್ತು ಅಮೆರಿಕದವರೂ ಬಹಳ ಮಂದಿ ಇದ್ದರು. 1980ರ ದಶಕದ ನಡುವಿನ ಲೆಕ್ಕದಂತೆ ಅವಧಿ ಮೀರಿದವರಲ್ಲಿ ಪೆಸಿಫಿಕ್ ಜನರ ಪಾಲು ಸುಮಾರು ಮೂರನೆಯ ಒಂದು, ಆದರೆ ಮೊಕದ್ದಮೆಗಳಲ್ಲಿ ಅವರ ಪಾಲು ಶೇ 86. ಈ ನಸುಕಿನ ದಾಳಿಗಳಿಗಾಗಿ ಸರ್ಕಾರ ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2021ರ ಆಗಸ್ಟ್ 1ರಂದು, ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವರ ಮೂಲಕ. ಅದಕ್ಕೂ ಎರಡು ದಶಕಗಳ ಮೊದಲೇ, 1999ರಲ್ಲಿ, ಆಂಡಿ ಮರ್ನೇನ್ ಮತ್ತು ಬ್ರದಾ ಡಿ ಎಂದೇ ಹೆಸರಾದ ಡ್ಯಾನಿ ಲೆಯಾವೊಸಾವಾಯಿ ಆ ನೋವಿನ ಹೆಸರನ್ನೇ ತಮ್ಮ ಸಂಗೀತ ಸಂಸ್ಥೆಗೆ ಇಟ್ಟರು; ‘ಡಾನ್ ರೇಡ್’ ಎಂದರೆ ನಸುಕಿನ ದಾಳಿ. ‘ಡಾನ್ ರೇಡ್ ಎಂಟರ್‌ಟೇನ್‌ಮೆಂಟ್’ ಓತಾರದ ಸಂತೆಯಲ್ಲಿ ಟೀ ಶರ್ಟ್ ಮಾರಿದ ಹಣದಿಂದ ಬೆಳೆದ ಸಂಸ್ಥೆ. ಮರೆಕೊ, ಸ್ಯಾವೇಜ್, ಆರಾಧನಾ ಮೊದಲಾದವರು ಅದರ ಮೂಲಕ ಬೆಳಕಿಗೆ ಬಂದರು.

ಅದಕ್ಕೂ ಮುಂಚೆಯೇ ನೆಲ ಹದವಾಗಿತ್ತು. 1994ರಲ್ಲಿ ಫಿಲ್ ಫುವೆಮಾನ ಮತ್ತು ಅಲನ್ ಜಾನ್ಸನ್ ದಕ್ಷಿಣ ಆಕ್ಲೆಂಡ್‌ನ ದನಿಗಳನ್ನು ಒಂದೇ ಸಂಕಲನದಲ್ಲಿ ತಂದರು. 1996ರಲ್ಲಿ ಡಿಎಲ್‌ಟಿ ಎಂಬ ಡಿಜೆ ಜೊತೆ ಗಾಯಕ ಚೆ ಫೂ ನುಡಿದ ಹಾಡು ಮೊದಲ ಸ್ಥಾನಕ್ಕೇರಿತು. ಫ್ರಾನ್ಸ್ ದಕ್ಷಿಣ ಪೆಸಿಫಿಕ್‌ನ ಮುರುರೋವಾದಲ್ಲಿ ಹಿಂದಿನ ವರ್ಷವಷ್ಟೇ ಮತ್ತೆ ಆರಂಭಿಸಿದ್ದ ಅಣುಪರೀಕ್ಷೆಗಳ ಪ್ರಸ್ತಾಪ ಅದರಲ್ಲಿದೆ. ಕಿಂಗ್ ಕಪೀಸಿ ಎಂಬ ಹೆಸರಿನ ಬಿಲ್ ಉರಾಲೆ 1999ರಲ್ಲಿ ದೇಶದ ಪ್ರತಿಷ್ಠಿತ ಗೀತರಚನಾ ಪ್ರಶಸ್ತಿ ‘ಸಿಲ್ವರ್ ಸ್ಕ್ರೋಲ್’ ಪಡೆದ ಮೊದಲ ಹಿಪ್‌ಹಾಪ್ ಕಲಾವಿದರಾದರು. ಸಮೋವಾದ ಸಂಸ್ಕೃತಿಯೇ ಅವರ ಹಾಡುಗಳ ವಸ್ತು. 2003ರಲ್ಲಿ ಕ್ರೈಸ್ಟ್‌ಚರ್ಚ್‌ನ ಸ್ಕ್ರೈಬ್, ಅಂದರೆ ಮಾಲೊ ಲುವಾಫುತು, ಹಾಡು ಮತ್ತು ಆಲ್ಬಂ ಎರಡೂ ಪಟ್ಟಿಗಳಲ್ಲಿ ಏಕಕಾಲಕ್ಕೆ ಮೊದಲ ಸ್ಥಾನದಲ್ಲಿ ನಿಂತರು. ರೇಡಿಯೊ ಕೂಡ ನೆರವಾಯಿತು. ಆಕ್ಲೆಂಡ್‌ನ ಮಾವೊರಿ ಬುಡಕಟ್ಟಾದ ನಾತಿ ಫಾತುವಾ 1992ರಲ್ಲಿ ‘ಮೈ ಎಫ್‌ಎಂ’ ಆರಂಭಿಸಿತ್ತು, 2002ರಲ್ಲಿ ರೇಡಿಯೊ ಸಂಸ್ಥೆಗಳು ಸ್ಥಳೀಯ ಸಂಗೀತದ ಪಾಲನ್ನು ಶೇ 20ಕ್ಕೆ ಏರಿಸುವ ಗುರಿಯನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡವು. ಸ್ಥಳೀಯ ಉಚ್ಚಾರಣೆಯನ್ನು ದಿನವೂ ರೇಡಿಯೊದಲ್ಲಿ ಕೇಳಿದ ಮಕ್ಕಳಿಗೆ ಹಾಡಿನ ಸಹಜ ದನಿ ಎಂದರೆ ಅಮೆರಿಕದ್ದೊಂದೇ ಎಂಬ ನಂಬಿಕೆ ಸಡಿಲವಾಗದೆ ಇರಲು ಸಾಧ್ಯವಿರಲಿಲ್ಲ.

ನೆರೆಯ ತೀರಗಳಲ್ಲಿ

ಹವಾಯಿಯಲ್ಲಿ 1990ರ ದಶಕದಲ್ಲಿ ‘ಸಡನ್ ರಶ್’ ತಂಡ ಹವಾಯಿಯನ್ ಭಾಷೆ ಮತ್ತು ಇಂಗ್ಲಿಷನ್ನು ಬೆರೆಸಿ, ಹವಾಯಿಯವರು ಕಳೆದುಕೊಂಡ ಸ್ವಂತ ರಾಜ್ಯದ ಕುರಿತು ರ‍್ಯಾಪ್ ಮಾಡಿತು. ಆಸ್ಟ್ರೇಲಿಯಾದಲ್ಲಿ ಚರ್ಚೆ ಬೇರೆ ದಿಕ್ಕು ಹಿಡಿಯಿತು. 2003ರ ಸುಮಾರಿಗೆ ಅಡಿಲೇಡ್‌ನ ಹಿಲ್‌ಟಾಪ್ ಹುಡ್ಸ್ ತಂಡದ ಯಶಸ್ಸಿನ ನಂತರ ಬಿಳಿಯರ ದಟ್ಟ ಆಸ್ಟ್ರೇಲಿಯನ್ ಉಚ್ಚಾರಣೆಯೇ ‘ಅಸಲಿ’ ಎಂಬ ಭಾವನೆ ಬಲವಾಯಿತು. ಆದರೆ ಪಶ್ಚಿಮ ಸಿಡ್ನಿಯ ಪೆಸಿಫಿಕ್ ಮೂಲದ ಯುವಕರು ಮನೆಯಲ್ಲಿ ಆಡುವ ಇಂಗ್ಲಿಷ್ ಅದಲ್ಲ. 2019ರ ವೇಳೆಗೆ ಅದೇ ಪ್ರದೇಶದ ಮೌಂಟ್ ಡ್ರುಯಿಟ್‌ನ ‘ಒನ್‌ಫೋರ್’ ತಂಡ ತಮ್ಮದೇ ಬೀದಿಯ ದನಿಯಲ್ಲಿ ದೇಶವಿಡೀ ಹೆಸರು ಮಾಡಿತು, ಪೊಲೀಸರ ಒತ್ತಡದಿಂದ ಅವರ ಪ್ರವಾಸದ ಕಾರ್ಯಕ್ರಮಗಳು ರದ್ದಾದವು. ಸ್ಥಳೀಯ ಉಚ್ಚಾರಣೆ ಎಂದಾಗ ಯಾರನ್ನು ಸ್ಥಳೀಯರೆಂದು ಎಣಿಸುತ್ತೇವೆ ಎಂಬ ಪ್ರಶ್ನೆಯನ್ನು ಅವರ ಹಾಡುಗಳು ಎತ್ತಿದವು.

ಹೆಸರಿಡುವ ಅಧಿಕಾರ

ಈ ಕಥೆಯಲ್ಲಿ ಭಾರತದ ಎಳೆಯೂ ಒಂದಿದೆ. ಡಾನ್ ರೇಡ್‌ನಿಂದ ಬಂದ ಗಾಯಕಿ ಆರಾಧನಾ ಪಟೇಲ್ ಅವರ ತಂದೆ ಭಾರತೀಯ ಮೂಲದವರು, ತಾಯಿ ಸಮೋವಾದವರು. ಸೋಲ್ ಮತ್ತು ಆರ್‌ಎನ್‌ಬಿ ಎಂಬ, ಅಮೆರಿಕದ ಕರಿಯರಿಂದ ಬಂದ ಗಾನಶೈಲಿಗಳಲ್ಲಿ ಹಾಡುವ ಅವರು 2016ರಲ್ಲಿ ಕಂದು ಮೈಬಣ್ಣದ ಹುಡುಗಿಯಾಗಿ ಬೆಳೆದ ಅನುಭವದ ಕುರಿತು ಆಲ್ಬಂ ಹೊರತಂದರು. ಅದೇ ವರ್ಷ ನ್ಯೂಜಿಲೆಂಡ್ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ‘ಅರ್ಬನ್/ಹಿಪ್‌ಹಾಪ್’ ವಿಭಾಗದ ಪ್ರಶಸ್ತಿಗೆ ಅವರ ಹೆಸರನ್ನು ಕರೆದಾಗ, ವೇದಿಕೆಯ ಮೇಲೆಯೇ ಅದನ್ನು ನಿರಾಕರಿಸಿದರು. ತಾವು ಹಾಡುವುದು ಹಿಪ್‌ಹಾಪ್ ಅಲ್ಲ, ಮೈಬಣ್ಣವನ್ನು ನೋಡಿ ತಮ್ಮನ್ನು ಆ ವಿಭಾಗಕ್ಕೆ ಸೇರಿಸಿದಂತಿದೆ ಎಂಬುದು ಅವರ ಆಕ್ಷೇಪದ ತಿರುಳು. ಪ್ರಶಸ್ತಿಯನ್ನು ಅವರು ಓನೆಹುಂಗ ಬಡಾವಣೆಯ ‘ಸ್ವಿಡ್ಟ್’ ಎಂಬ ಹಿಪ್‌ಹಾಪ್ ತಂಡಕ್ಕೆ ದಾಟಿಸಿದರು. ಆ ತಂಡ ತನ್ನ ಬಡಾವಣೆಯ ಬೀದಿಗಳನ್ನೇ ವಸ್ತುವಾಗಿಟ್ಟುಕೊಂಡು ಅದೇ ವರ್ಷ ಹಾಡುಗಳ ಗುಚ್ಛವೊಂದನ್ನು ಹೊರತಂದಿತ್ತು. ನಂತರದ ವರ್ಷಗಳಲ್ಲಿ ಆ ಪ್ರಶಸ್ತಿ ವಿಭಾಗವನ್ನು ಹಿಪ್‌ಹಾಪ್‌ಗೆ ಒಂದು, ಸೋಲ್ ಮತ್ತು ಆರ್‌ಎನ್‌ಬಿಗೆ ಇನ್ನೊಂದು ಎಂದು ಬೇರೆ ಮಾಡಲಾಯಿತು.